ಚಾಕು ಮಾಡಿ ಹೊಟ್ಟೆ ಹೊರೆಯುವ ಬಗ್ಗೆ

ಆರ್ಡರ್ ಕೊಡಲು ಬರುವವರು ಮೊದಲು ಕೇಳುವುದು ‘ಯಾವ ಉಕ್ಕು ಹಾಕ್ತೀರಿ?’ ಎಂದು. ನಾನು ಮೊದಲು ಕೇಳುವುದು ಬೇರೆ: ಏನು ಕೊಯ್ಯುತ್ತೀರಿ, ಯಾವ ಹಲಗೆಯ ಮೇಲೆ, ಕೆಲಸ ಮುಗಿದ ಮೇಲೆ ಒರೆಸಿಡುವ ಅಭ್ಯಾಸ ಇದೆಯೇ? ಇಷ್ಟಕ್ಕೆ ನಿಜವಾದ ಉತ್ತರ ಸಿಕ್ಕರೆ ಉಕ್ಕು ತಾನಾಗಿಯೇ ತೀರ್ಮಾನವಾಗುತ್ತದೆ. ಒದ್ದೆ ಚಾಕುವನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ಬಿಡುವವರಿಗೆ ಕಾರ್ಬನ್ ಉಕ್ಕಿನ ಅಲಗು ಕೊಟ್ಟರೆ ಕೆಲವೇ ದಿನಗಳಲ್ಲಿ ತುಕ್ಕಿನ ಫೋಟೊ ಬರುತ್ತದೆ.

ನಾನು ಹೆಚ್ಚಾಗಿ ಬಳಸುವುದು 1084 ಎಂಬ ಕಾರ್ಬನ್ ಉಕ್ಕು. ಇಂಗಾಲ ಶೇ. 0.84ರ ಆಸುಪಾಸು, ಬೇರೆ ಬೆರಕೆ ಹೆಚ್ಚಿಲ್ಲ. ಸಣ್ಣ ಕುಲುಮೆಯಲ್ಲೂ ಹದಕ್ಕೆ, ಅಂದರೆ ಕಾಯಿಸಿ ತಣಿಸಿ ಬೇಕಾದಷ್ಟು ಗಡಸಿಗೆ, ಬರುವ ಉಕ್ಕು ಇದು. ತುಕ್ಕು ಬೇಡ ಎನ್ನುವವರಿಗೆ ಎಇಬಿ-ಎಲ್ ಎಂಬ ಸ್ಟೇನ್‌ಲೆಸ್ ಉಕ್ಕು. ಅದರಲ್ಲಿ ಇಂಗಾಲ ಶೇ. 0.67, ಕ್ರೋಮಿಯಂ 13ರಷ್ಟು. ರೇಜರ್ ಬ್ಲೇಡಿಗೆಂದೇ ರೂಪಿಸಿದ್ದು, ಹಾಗಾಗಿ ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ತೀರ ತೆಳುವಾಗಿ ಅರೆದರೂ ಸುಲಭಕ್ಕೆ ಚಕ್ಕೆ ಏಳುವುದಿಲ್ಲ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಡಿ ಎಂದು ಕೇಳುವವರೂ ಇದ್ದಾರೆ. ಕಲಿಯಲು ಅದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಪಟ್ಟಿಯೊಳಗೆ ಕೂದಲೆಳೆಯ ಸೀಳು ಇರಬಹುದು. ಅದು ಗೊತ್ತಾಗುವುದು ಕಾಯಿಸಿದ ಅಲಗನ್ನು ತಣಿಸಲು ಎಣ್ಣೆಯಲ್ಲಿ ಅದ್ದಿದ ಮೇಲೆ. ದುಡ್ಡು ತೆಗೆದುಕೊಳ್ಳುವ ಚಾಕುವಿಗೆ ನಾನು ಅದನ್ನು ಮುಟ್ಟುವುದಿಲ್ಲ.

ಸುತ್ತಿಗೆಯಲ್ಲಿ ಬಡಿದು ಆಕಾರ ಕೊಡುವುದೋ, ಉಕ್ಕಿನ ಪಟ್ಟಿಯಿಂದ ನೇರವಾಗಿ ಕತ್ತರಿಸಿ ಅರೆಯುವುದೋ ಎಂಬ ಜಗಳ ನನಗೆ ಬೇಡ. ಅಮೆರಿಕದ ಬಾಬ್ ಲವ್‌ಲೆಸ್ ಪಟ್ಟಿಯಿಂದ ಅರೆಯುವ ದಾರಿಯಲ್ಲೇ ಜಗತ್ತು ಮೆಚ್ಚಿದ ಚಾಕುಗಳನ್ನು ಮಾಡಿದರು. ಬಡಿದರೆ ಉಕ್ಕು ಗಟ್ಟಿಯಾಗುತ್ತದೆ ಎಂಬ ಮಾತಿಗೂ ಈಗಿನ ಕಾರ್ಖಾನೆ ಉಕ್ಕಿಗೂ ಸಂಬಂಧವಿಲ್ಲ. ನಾನು ದಪ್ಪ ಅಲಗನ್ನು ಬಡಿಯುತ್ತೇನೆ, ತೆಳು ಅಲಗನ್ನು ಅರೆಯುತ್ತೇನೆ. ಇದು ಅರೆಯುವ ಯಂತ್ರದ ಬೆಲ್ಟು ಮತ್ತು ಸಮಯ ಉಳಿಸುವ ಲೆಕ್ಕ, ಅಷ್ಟೇ.

ಹದದ ವಿಷಯದಲ್ಲಿ ಮಾತ್ರ ಲೆಕ್ಕ ನೋಡುವುದಿಲ್ಲ. ಬಡಿದ ಅಲಗನ್ನು ಮೊದಲು ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಡುತ್ತೇನೆ. ಮತ್ತೆ ಕಾಯಿಸುವಾಗ ಸ್ವಲ್ಪ ಕಡಿಮೆ ಬಿಸಿ, ಅದರ ಮುಂದಿನ ಸಲ ಇನ್ನೂ ಕಡಿಮೆ. ಬಡಿತದಲ್ಲಿ ದಪ್ಪಗಾದ ಒಳಗಿನ ಕಣ ಇದರಿಂದ ಸಣ್ಣದಾಗುತ್ತದೆ. ಆಮೇಲೆ ನಿಜವಾದ ಕಾಯಿಸುವಿಕೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಉಕ್ಕು ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಗೇ ಅದ್ದಿಬಿಟ್ಟರೆ ಹದ ಪೂರ್ತಿ ಬರುವುದಿಲ್ಲ, 1084 ಇನ್ನೂ ಮೇಲಕ್ಕೆ, 815ರ ಹತ್ತಿರ ಹೋಗಬೇಕು. ಬಣ್ಣ ನೋಡಿ ಅಂದಾಜು ಮಾಡುವವರು ಕತ್ತಲೆ ಮೂಲೆಯಲ್ಲಿ ಕೆಲಸ ಮಾಡಬೇಕು, ಬಿಸಿಲಿನಲ್ಲಿ ಕಣ್ಣು ಮೋಸಹೋಗುತ್ತದೆ. ನಾನು ಉಷ್ಣಮಾಪಕ ಇರುವ ವಿದ್ಯುತ್ ಗೂಡು ಇಟ್ಟುಕೊಂಡಿದ್ದೇನೆ. ಇದನ್ನೇ ಕಸುಬಾಗಿಸುವವರು ಬೆಲೆ ಬಾಳುವ ಮರ ಕೊಳ್ಳುವ ಮೊದಲು ಅದನ್ನು ಕೊಳ್ಳಲಿ.

ಎಣ್ಣೆ ಸುಮಾರು 50 ಡಿಗ್ರಿ ಬೆಚ್ಚಗಿರಬೇಕು. ತಣ್ಣಗಿದ್ದರೆ ಮಂದವಾಗಿ, ಅಲಗಿನ ಬಿಸಿಯನ್ನು ನಿಧಾನಕ್ಕೆ ಹೀರುತ್ತದೆ. ಅಲಗನ್ನು ಮೊನೆ ಕೆಳಗಾಗಿ ನೇರವಾಗಿ ಇಳಿಸಿ, ಬಾಯಿಯಿಂದ ಬೆನ್ನಿನ ದಿಕ್ಕಿಗೆ ಮಾತ್ರ ಆಡಿಸುತ್ತೇನೆ. ಅಕ್ಕಪಕ್ಕ ಆಡಿಸಿದರೆ ಒಂದು ಮೈ ಬೇಗ ತಣ್ಣಗಾಗಿ ಅಲಗು ಸೊಟ್ಟಗಾಗುತ್ತದೆ. ಎಣ್ಣೆಯಿಂದ ತೆಗೆದ ಮೇಲೆ, ಮುಟ್ಟಲಾಗದಷ್ಟು ಬಿಸಿ ಇರುವಾಗ, ಕೆಲವು ಸೆಕೆಂಡು ಅದಿನ್ನೂ ಪೂರ್ತಿ ಗಡಸಾಗಿರುವುದಿಲ್ಲ. ದಪ್ಪ ಕೈಗವಸು ಹಾಕಿಕೊಂಡು ನೆಟ್ಟಗೆ ಮಾಡಲು ಅದೊಂದೇ ಸಮಯ. ಆ ಹೊತ್ತಿನಲ್ಲಿ ಫೋನ್ ಬಂದರೆ ತೆಗೆಯುವುದಿಲ್ಲ. ಆಮೇಲೆ ಅರ ಉಜ್ಜಿ ನೋಡುತ್ತೇನೆ. ಅರ ಕಚ್ಚದೆ ಜಾರಬೇಕು. ಈ ಸ್ಥಿತಿಯ ಉಕ್ಕು ಕೈತಪ್ಪಿ ಬಿದ್ದರೂ ಮುರಿಯುವಷ್ಟು ಪೆಡಸು, ಆದ್ದರಿಂದ ತಡಮಾಡದೆ 200 ಡಿಗ್ರಿಯ ಒಲೆಯಲ್ಲಿ ಎರಡು ಗಂಟೆ ಇಟ್ಟು, ಆರಿಸಿ, ಮತ್ತೆ ಎರಡು ಗಂಟೆ ಇಡುತ್ತೇನೆ. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಆಚೀಚೆ ನಿಲ್ಲುತ್ತದೆ.

ಎಇಬಿ-ಎಲ್‌ನ ಹದ ಬೇರೆ ದಾರಿಯದು. ಸಾವಿರ ಡಿಗ್ರಿ ದಾಟಬೇಕು, ಗಾಳಿ ತಾಗದಂತೆ ಉಕ್ಕಿನ ಹಾಳೆಯಲ್ಲಿ ಸುತ್ತಬೇಕು, ಎರಡು ದಪ್ಪ ಅಲ್ಯೂಮಿನಿಯಂ ಹಲಗೆಗಳ ನಡುವೆ ಒತ್ತಿ ತಣಿಸಬೇಕು, ಅದಾದ ಮೇಲೆ ಒಣ ಮಂಜುಗಡ್ಡೆಯ ಮೈನಸ್ 78 ಡಿಗ್ರಿಗೂ ಇಳಿಸಿದರೆ ಒಳ್ಳೆಯದು. ಹೊರಗೆ ಹದ ಮಾಡಿಕೊಡುವವರಿಗೆ ಒಂದಿಷ್ಟು ಅಲಗುಗಳನ್ನು ಒಟ್ಟಿಗೆ ಕಳಿಸಿಬಿಡುತ್ತೇನೆ. ‘ಹಾಗಾದರೆ ಪೂರ್ತಿ ಕೈಯಲ್ಲೇ ಮಾಡಿದ್ದಲ್ಲವಲ್ಲ’ ಎನ್ನುವ ಗಿರಾಕಿಗೆ 1084 ತೋರಿಸುತ್ತೇನೆ.

ಹೊಸ ಪಟ್ಟಿ ತರಿಸಿದಾಗಲೆಲ್ಲ ಒಂದು ತುಂಡನ್ನು ಹದಮಾಡಿ ಬೇಕೆಂದೇ ಮುರಿಯುತ್ತೇನೆ. ಮುರಿದ ಜಾಗ ನಯವಾದ ಬೂದು ಬಣ್ಣದಲ್ಲಿದ್ದರೆ ಸರಿ. ಸಕ್ಕರೆ ಹರಳಿನಂತೆ ಮಿನುಗಿದರೆ ಬಿಸಿ ಜಾಸ್ತಿಯಾಗಿದೆ ಎಂದರ್ಥ. 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಚಾಕು ಕಸುಬಿನವರ ಸಂಘದ್ದೊಂದು ಪರೀಕ್ಷೆ ಇದೆ: ನೇತಾಡುವ ಒಂದಿಂಚು ಹಗ್ಗವನ್ನು ಒಂದೇ ಬೀಸಿಗೆ ಕತ್ತರಿಸಬೇಕು, ಮರದ ತೊಲೆ ಕಡಿಯಬೇಕು, ಆಮೇಲೂ ಅದೇ ಚಾಕು ಕೂದಲು ಬೋಳಿಸಬೇಕು, ಕೊನೆಗೆ ವೈಸಿನಲ್ಲಿ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಕಲಿಯುವವರು ಇದಕ್ಕೆಂದು ಒಂದು ಚಾಕು ಮಾಡಿ ನೋಡಲೇಬೇಕು. ಆದರೆ ಬೆನ್ನನ್ನು ಮೆತ್ತಗೆ ಬಿಟ್ಟ ಆ ದೊಡ್ಡ ಚಾಕುವಿನ ನಿಯಮವನ್ನು ಅಡುಗೆಮನೆಯ ತೆಳು ಅಲಗಿಗೆ ಹಾಕುವುದು ತಪ್ಪು. ಅದಕ್ಕೆ ಹಿತ್ತಾಳೆ ಸರಳು ಸಾಕು. ಬಾಯಿಯನ್ನು ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆದರೆ ಅದು ಸ್ವಲ್ಪ ಬಾಗಿ ವಾಪಸು ಬರಬೇಕು. ಬಾಗಿಯೇ ಉಳಿದರೆ ಮೆತ್ತಗಿದೆ, ಚಕ್ಕೆ ಎದ್ದರೆ ಪೆಡಸಾಗಿದೆ.

ಇಷ್ಟೆಲ್ಲ ಸರಿಯಾಗಿದ್ದೂ ಚಾಕು ಕೊಯ್ಯದೆ ಇರಬಹುದು, ಬಾಯಿಯ ಹಿಂದೆ ದಪ್ಪ ಉಳಿದಿದ್ದರೆ. ಅಂಥ ಚಾಕುವಿನಲ್ಲಿ ಕ್ಯಾರೆಟ್ ಹೋಳಾಗುವುದಿಲ್ಲ, ಅರ್ಧಕ್ಕೆ ಹೋಗಿ ಟಕ್ಕೆಂದು ಸೀಳುತ್ತದೆ. ಹದಕ್ಕೆ ಮುಂಚೆ ಬಾಯಿಯಲ್ಲಿ ಒಂದು ಮಿ.ಮೀ. ಹತ್ತಿರ ಬಿಟ್ಟಿರುತ್ತೇನೆ, ಇಲ್ಲದಿದ್ದರೆ ಎಣ್ಣೆಯಲ್ಲಿ ಅಲೆಅಲೆಯಾಗಿ ತಿರುಚಿಕೊಳ್ಳುತ್ತದೆ. ಉಳಿದದ್ದನ್ನು ಹದದ ಮೇಲೆ ಅರೆಯುತ್ತಾ, ಸಾಣೆ ಹಿಡಿಯುವ ಮೊದಲು 0.2 ಮಿ.ಮೀ. ಆಸುಪಾಸಿಗೆ ತರುತ್ತೇನೆ. ಈ ಹಂತದಲ್ಲಿ ಬರಿಗೈಯೇ ಮಾಪಕ: ಬೆರಳಿಗೆ ಸುಟ್ಟರೆ ನೀರಲ್ಲಿ ಅದ್ದು. ಬಾಯಿ ನೀಲಿಗೆ ತಿರುಗಿತೋ, ಗೂಡಿನಲ್ಲಿ ಕೊಟ್ಟ ಹದ ಆ ಜಾಗದಲ್ಲಿ ಹೋಯಿತು. ಹೆಚ್ಚಿನವರು ಸುಡುವುದು ಸವೆದ ಬೆಲ್ಟಿನಿಂದ. ಮೊಂಡಾದ ಬೆಲ್ಟು ಕತ್ತರಿಸುವ ಬದಲು ಉಜ್ಜುತ್ತದೆ, ಉಜ್ಜಿದರೆ ಬಿಸಿ. ಹಾಗಾಗಿ ಉಕ್ಕಿಗಿಂತ ಬೆಲ್ಟಿಗೇ ನನ್ನ ಖರ್ಚು ಹೆಚ್ಚು, ಅದು ಪ್ರತಿ ಚಾಕುವಿನ ಬೆಲೆಯಲ್ಲಿ ಸೇರಿರುತ್ತದೆ.

ಬೆಲೆಯ ಮಾತು ಬಂತು. ಈ ಕಸುಬಿನಲ್ಲಿ ಗಂಟೆಗಳು ಸೋರುವುದು ಕೈಯಲ್ಲಿ ಎಮರಿ ಪೇಪರ್ ಉಜ್ಜುವ ಕೆಲಸದಲ್ಲಿ. 220 ನಂಬರಿನ ಒರಟು ಪೇಪರಿನ ಗೆರೆ ಪೂರ್ತಿ ಹೋಗದೆ ಅದಕ್ಕಿಂತ ನಯವಾದ 400ಕ್ಕೆ ದಾಟಿದರೆ, ಕೊನೆಯಲ್ಲಿ ಕಿಟಕಿ ಬೆಳಕಿಗೆ ಹಿಡಿದಾಗ ಹಳೇ ಗೆರೆ ಹಲ್ಲು ಕಿರಿಯುತ್ತದೆ. ಕನ್ನಡಿಯ ಹೊಳಪು ಕೇಳಿದವರಿಗೆ ಅದರ ಗಂಟೆಗಳನ್ನು ಬೇರೆಯಾಗಿ ಬರೆದು ತೋರಿಸುತ್ತೇನೆ. ನೋಡಿದ ಮೇಲೆ ಹಲವರು 400ರ ಸಾದಾ ಗೆರೆಗೇ ಒಪ್ಪುತ್ತಾರೆ. ಬಳಸುವ ಚಾಕುವಿಗೆ ಅದೇ ಚೆಂದ ಎನ್ನುವುದು ನನ್ನ ಅಭಿಪ್ರಾಯ ಕೂಡ.

ಗಿರಾಕಿಗೆಂದೇ ಮಾಡುವ ಭಾಗ ಎಂದರೆ ನಿಜಕ್ಕೂ ಹಿಡಿ. ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸಿ ಎನ್ನುತ್ತೇನೆ, ಎಡಗೈಯವರೇ ಎಂದೂ ಕೇಳುತ್ತೇನೆ. ಎಣ್ಣೆ ಅಂಶದ ಬೀಟೆಯಂಥ ಮರವನ್ನು ಅಸಿಟೋನಿನಲ್ಲಿ ಒರೆಸಿ ಆಮೇಲೆ ಎಪಾಕ್ಸಿ. ಕ್ಲಾಂಪನ್ನು ಜೋರಾಗಿ ಬಿಗಿಯಬಾರದು, ಅಂಟೆಲ್ಲ ಹೊರಬಂದು ಕೂಡಿದ ಜಾಗ ಒಣಗಿಬಿಡುತ್ತದೆ. ಮರದ ಪುಡಿಗೆ ಬಟ್ಟೆಯ ಮಾಸ್ಕ್ ಸಾಲದು, ಫಿಲ್ಟರ್ ಇರುವ ಉಸಿರುಕವಚವೇ ಬೇಕು. ನನ್ನ ಶೆಡ್ಡಿನಲ್ಲಿ ನನಗೆ ಅತಿ ಭಯ ಇರುವುದು ಗೂಡಿಗಲ್ಲ, ಪಾಲಿಶ್ ಚಕ್ರಕ್ಕೆ. ಹರಿತ ಮಾಡಿದ ಚಾಕುವನ್ನು ಆ ಬಟ್ಟೆಯ ಚಕ್ರ ಕಸಿದು ಎಸೆದರೆ ಎಲ್ಲಿಗೆ ಬರುತ್ತದೆ ಎಂದು ಹೇಳಲಾಗದು. ಅದಕ್ಕೇ ಸಾಣೆ ನನ್ನಲ್ಲಿ ಕಟ್ಟಕಡೆಯ ಕೆಲಸ.

ಮುಂಗಡ ಪೂರ್ತಿ ತೆಗೆದುಕೊಂಡು ಎರಡು ವರ್ಷದ ಸಾಲು ಹಚ್ಚಿಕೊಂಡವರನ್ನು ಕಂಡಿದ್ದೇನೆ. ಕೆಲಸ ಶುರುವಾಗುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ನಾನು ಚಾಕು ಮುಗಿದು ಫೋಟೊ ಕಳಿಸಿದ ಮೇಲೆ ಹಣ ಕೇಳುವುದು. ಬೇರೆ ಯಾರೂ ಕೊಳ್ಳಲಾರದ ವಿಚಿತ್ರ ಆಕಾರಕ್ಕೆ ಮಾತ್ರ ಅರ್ಧ ಮುಂಗಡ. ತಿಂಗಳ ಖರ್ಚು ಹೊರುವುದು ಹೊಸ ಚಾಕುಗಳಷ್ಟೇ ಅಲ್ಲ, ಹಳೆಯವಕ್ಕೆ ಸಾಣೆ ಹಿಡಿಯುವ ಕೆಲಸವೂ ಹೌದು. ಮೊನೆ ಮುರಿದದ್ದು ಡಬ್ಬಿಯ ಮುಚ್ಚಳ ಎಬ್ಬಿಸಿದ್ದಕ್ಕೋ, ಬಾಯಿ ಚಪ್ಪಟೆಯಾದದ್ದು ಗಾಜಿನ ಹಲಗೆಗೋ ಎನ್ನುವುದು ನೋಡಿದರೆ ತಿಳಿಯುತ್ತದೆ, ಮುಂದಿನ ಅಲಗು ಎಷ್ಟು ತೆಳುವಿರಬೇಕು ಎನ್ನುವುದೂ. ಒಂದು ಪಟ್ಟಿ ಮುಗಿದು ಇನ್ನೊಂದು ತೆರೆಯುವ ಮಧ್ಯೆ ಯಾರ ಆರ್ಡರೂ ಇಲ್ಲದ ಒಂದೆರಡು ಚಾಕು ನನ್ನಿಷ್ಟಕ್ಕೆ ಮಾಡುತ್ತೇನೆ. ಅವು ಮಾರಾಟಕ್ಕೆ ಇಟ್ಟ ದಿನವೇ ಹೋಗಿಬಿಡುತ್ತವೆ.