ಒರೆಸೋಳು ನಾನೇ ಅಲ್ವಾ!

ನಮ್ಮ ಮನೆ ಹುಬ್ಬಳ್ಳಿಯಲ್ಲಿದೆ, ಬಸ್ಸು ಓಡಾಡುವ ರಸ್ತೆಗೆ ಅಂಟಿಕೊಂಡು. ಹುಬ್ಬಳ್ಳಿಯ ಧೂಳು ಕಂಡವರಿಗೆ ಜಾಸ್ತಿ ಹೇಳಬೇಕಿಲ್ಲ. ಬೆಳಿಗ್ಗೆ ಟೀಪಾಯಿ ಒರೆಸಿದರೆ ಸಂಜೆಗೆ ಮಗ ಅದರ ಮೇಲೆ ಬೆರಳಲ್ಲಿ ತನ್ನ ಹೆಸರು ಬರೆಯಬಹುದು. ಬರೆಯುತ್ತಾನೆ ಕೂಡ.

ಮಾವನವರು ಕಟ್ಟಿಸಿದ ಮನೆ. ಒಂದು ಪಡಸಾಲೆ, ಎರಡು ಕೋಣೆ, ಅಡುಗೆಮನೆ, ನೆಲಕ್ಕೆ ಶಹಾಬಾದ್ ಕಲ್ಲು. ಅತ್ತೆ, ನಮ್ಮನೆಯವರು, ಇಬ್ಬರು ಮಕ್ಕಳು, ನಾನು. ಐದೂವರೆಗೆ ಎದ್ದರೆ ರೊಟ್ಟಿ, ಡಬ್ಬಿ, ಶಾಲೆ, ಬಟ್ಟೆ, ಪಾತ್ರೆ ಅಂತ ಮಧ್ಯಾಹ್ನ ಎರಡರವರೆಗೆ ಕೂರೋಕೆ ಆಗುವುದಿಲ್ಲ. ಎರಡರಿಂದ ಮೂರು ನನ್ನ ಹೊತ್ತು. ಅದರಲ್ಲೂ ಅರ್ಧ ನಿದ್ದೆಗೆ ಹೋಗುತ್ತದೆ. ಉಳಿದ ಅರ್ಧ ಗಂಟೆಯಲ್ಲಿ, ಮೂರು ವರ್ಷ ಹಿಡಿದು, ಈ ಮನೆಯನ್ನು ಒಂದು ಹದಕ್ಕೆ ತಂದಿದ್ದೇನೆ.

ಶುರು ಮಾಡಿದ್ದು ಮಾತ್ರ ತಪ್ಪು ದಾರಿಯಲ್ಲೇ. ಫೋನಿನಲ್ಲಿ ಚಂದದ ಮನೆಗಳ ಫೋಟೋ ನೋಡಿ ನೋಡಿ, ಒಂದು ಪ್ರದರ್ಶನ ಮಾರಾಟಕ್ಕೆ ಹೋದಾಗ ಜಾಲಿ ಕೆತ್ತನೆಯ ಗೋಡೆ ಶೆಲ್ಫು, ಅದರಲ್ಲಿ ಇಡೋಕೆ ಬಟ್ಟೆ ಹೂವಿನ ಗೊಂಚಲು ತಂದೆ. ಎಲ್ಲ ಸೇರಿ 3,200 ರೂಪಾಯಿ. ಒಂದು ವಾರ ಮನೆ ಬೆಳಗಿತು. ಎರಡನೇ ವಾರಕ್ಕೆ ಜಾಲಿಯ ಪ್ರತಿ ತೂತಿನಲ್ಲೂ ಧೂಳು, ಪ್ರತಿ ಎಸಳಿನ ಮೇಲೂ ಧೂಳು. ಅತ್ತೆ ಖುರ್ಚಿಯಲ್ಲಿ ಕೂತು ನೋಡಿದರು. "ಭಾಳ ಛಲೋ ತಂದಿ ನೋಡವಾ. ಈಗ ಇದರ ಹಲ್ಲ ತಿಕ್ಕಾಕ ಒಂದು ಬ್ರಷ್ಷೂ ತಗೊಂಡ ಬಾ" ಅಂದರು. ನಗು ಬಂತು, ಸಿಟ್ಟೂ ಬಂತು. ಆದರೆ ಮಾರನೇ ದಿನ ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ನಿಂತವಳು ನಾನೇ. ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ಹಿಡಿಯಿತು. ನನ್ನ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ!

ಅವತ್ತಿನಿಂದ ಯಾವ ವಸ್ತು ಕಂಡರೂ ಬೆಲೆ ಚೀಟಿಗಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಒರೆಸೋದು ಹೇಗೆ, ಎಷ್ಟು ಹೊತ್ತು? ಒಂದೇ ಎಳೆತದಲ್ಲಿ ಬಟ್ಟೆ ಹೋಗಿ ಬಂದರೆ ಸರಿ. ಇಲ್ಲವಾದರೆ ಅದು ಎಷ್ಟೇ ಅಗ್ಗವಾಗಿದ್ದರೂ ನನಗೆ ದುಬಾರಿ.

ಎರಡನೇ ಪಾಠ ಗಣಪತಿ ಕಲಿಸಿದ. ಚೌತಿಗೆ ಪಡಸಾಲೆಯ ಮೂಲೆಯಲ್ಲಿ ಐದು ದಿನ ಗಣಪತಿ ಕೂಡಿಸುತ್ತೇವೆ. ಅದಕ್ಕೆ ಜಾಗ ಆಗಬೇಕಲ್ಲ, ಪ್ರತಿ ವರ್ಷ ಆ ಮೂಲೆಯ ಸಾಮಾನೆಲ್ಲ ಮಂಚದ ಕೆಳಗೆ ತುರುಕುತ್ತಿದ್ದೆವು. ಪ್ಲಾಸ್ಟಿಕ್ ಸ್ಟೂಲು, ಹಳೇ ಟಿವಿ ಸ್ಟ್ಯಾಂಡು, ಕೆಟ್ಟ ಮಿಕ್ಸಿ, ರದ್ದಿ ಪೇಪರಿನ ಗುಡ್ಡೆ. ಆ ವರ್ಷ ಗಣಪತಿ ಕಳಿಸಿ ಬಂದು ನೋಡಿದರೆ ಖಾಲಿ ಮೂಲೆ ಎಷ್ಟು ಚಂದ ಕಾಣುತ್ತಿತ್ತು ಅಂದರೆ, ಸಾಮಾನನ್ನು ವಾಪಸ್ ತರಲು ಮನಸ್ಸೇ ಬರಲಿಲ್ಲ. ತರಲೂ ಇಲ್ಲ. ರದ್ದಿಯವನನ್ನು ಕರೆದು ಕೊಟ್ಟೆ. ಬಂದ ದುಡ್ಡನ್ನು ಅಡುಗೆಮನೆಯ ಒಂದು ಖಾಲಿ ಡಬ್ಬಿಯಲ್ಲಿ ಹಾಕಿದೆ. ಮನೆ ಸಿಂಗಾರದ ಖಾತೆ ಅಲ್ಲಿ ತೆರೆಯಿತು. ತಿಂಗಳಿಗೆ 500 ರೂಪಾಯಿ ಹಾಕುತ್ತೇನೆ. ಡಬ್ಬಿಯಲ್ಲಿ ಇದ್ದಷ್ಟೇ ಖರ್ಚು, ಕಂತಿನಲ್ಲಿ ಏನೂ ಇಲ್ಲ.

ಮೊದಲು ಖರ್ಚು ಮಾಡಿದ್ದು ಬೆಳಕಿಗೆ. ಪಡಸಾಲೆಯಲ್ಲಿ ಒಂದೇ ಟ್ಯೂಬ್‌ಲೈಟು, ಬಿಳೀ ಬೆಳಕು. ರಾತ್ರಿ ಎಲ್ಲರ ಮುಖವೂ ಜ್ವರ ಬಂದವರ ಹಾಗೆ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 6500 ಅಂದರೆ ಹಗಲಿನಂಥ ಬಿಳೀ ಬೆಳಕು, 2700 ಅಥವಾ 3000 ಅಂದರೆ ದೀಪದಂಥ ಹಳದಿ ಬೆಳಕು. ಪಡಸಾಲೆಗೆ 3000ದ ಎರಡು 9 ವ್ಯಾಟ್ ಎಲ್ಇಡಿ ಬಲ್ಬು ತಂದು, ಎದುರು ಬದುರು ಗೋಡೆಗೆ ಆಳೆತ್ತರಕ್ಕೆ ಹಾಕಿಸಿದೆ. ಮೇಲೆ ಉರುಟು ಗಾಜಿನ ಡೂಮು, ನುಣುಪು, ಕೆತ್ತನೆ ಇಲ್ಲ. ಅಂಗಡಿಯವನು ಬಿದಿರು ಬುಟ್ಟಿಯ ಡೂಮು ತೋರಿಸಿ ಈಗ ಇದೇ ಫ್ಯಾಷನ್ ಅಂದ. ಬುಟ್ಟಿಯ ಸಂದಿ ನೋಡಿ ನನಗೆ ಹಲ್ಲಿನ ಬ್ರಷ್ಷು ನೆನಪಾಯಿತು. ಬೇಡ ಅಂದೆ. ಅಡುಗೆಮನೆಯಲ್ಲಿ ಮಾತ್ರ ಬಿಳೀ ಬೆಳಕೇ ಇದೆ, ಅಕ್ಕಿಯಲ್ಲಿ ಕಲ್ಲು ಕಾಣಬೇಕಲ್ಲ. ಎಲೆಕ್ಟ್ರಿಷಿಯನ್ ಕೂಲಿ ಸೇರಿ 1,400 ಆಯಿತು. ನನ್ನ ಇಡೀ ಮೂರು ವರ್ಷದಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಬದಲಾವಣೆ ತಂದದ್ದು ಇದೇ. ಗೋಡೆ ಅದೇ, ಸೋಫಾ ಅದೇ, ಆದರೂ ಬಂದವರು "ಬಣ್ಣ ಹಚ್ಚಿಸಿದ್ರೇನು?" ಅಂತ ಕೇಳಿದರು.

ಅದು ಕೇಳಿ ಬಣ್ಣದ ಹುಚ್ಚು ಹತ್ತಿತು. ಇಲ್ಲಿ ನಾನು ಸರಿಯಾಗಿ ಎಡವಿದೆ.

ಒಂದೇ ಗೋಡೆಗೆ ಹಚ್ಚೋಣ ಅಂತ ಲೆಕ್ಕ. ಹತ್ತಡಿ ಎತ್ತರ, ಹತ್ತಡಿ ಅಗಲ, 100 ಚದರಡಿ. ಎರಡು ಸಲ ಬಳಿಯೋಕೆ ಒಂದು ಲೀಟರ್ ಎಮಲ್ಷನ್ ಬಣ್ಣ ಸಾಕಾಯಿತು. ಮೇ ತಿಂಗಳು, ಮಕ್ಕಳಿಗೆ ರಜೆ, ನಮ್ಮನೆಯವರೂ ರೋಲರ್ ಹಿಡಿದರು. ಅರಿಶಿನಕ್ಕೆ ಸ್ವಲ್ಪ ಹಾಲು ಬೆರೆಸಿದಂಥ ಬಣ್ಣ. ಎಷ್ಟು ಹೆಮ್ಮೆ ನನಗೆ! ಜುಲೈ ಮಳೆಗೆ ಗೋಡೆಯ ಕೆಳಗಡೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಶ್ರಾವಣಕ್ಕೆ ಉದುರಿತು. ಒಳಗೆ ಬಿಳೀ ಉಪ್ಪು.

ಆ ಗೋಡೆಯ ಆಚೆ ಬಚ್ಚಲಮನೆ ಇದೆ. ಟೈಲ್ಸಿನ ಸಂದಿಯಲ್ಲಿ ಸಿಮೆಂಟು ಹೋಗಿ, ನೀರು ಒಳಗೆ ಇಳಿದು, ಗೋಡೆಯೊಳಗಿನ ಲವಣವನ್ನು ಕರಗಿಸಿಕೊಂಡು ಈಚೆ ಬರುತ್ತಿತ್ತು. ನೀರು ಆರಿದ ಮೇಲೆ ಉಪ್ಪು ಉಳಿದು ಬಣ್ಣವನ್ನು ತಳ್ಳುತ್ತದೆ. ಇದಕ್ಕೆ ಮೇಲಿಂದ ಎಷ್ಟು ಬಣ್ಣ ಬಳಿದರೂ ಅಷ್ಟೇ. ಹಳೇ ಸ್ಕ್ರೂಡ್ರೈವರಿನಿಂದ ಸಂದಿ ಕೆರೆದು, ಹೊಸದಾಗಿ ಗ್ರೌಟ್ ತುಂಬಿ, ಎರಡು ದಿನ ಪಕ್ಕದ ಮನೆಯ ವೈನಿಯವರ ಬಚ್ಚಲಿಗೆ ನಮ್ಮ ದಂಡು ಕಳಿಸಿದೆ. ಉಬ್ಬಿದ ಬಣ್ಣ, ಸಡಿಲಾದ ಗಿಲಾವು ಎಲ್ಲ ಕೆತ್ತಿ ತೆಗೆದು ಗೋಡೆಯನ್ನು ಹಾಗೇ ಬಿಟ್ಟೆ. ಆರಲಿ ಅಂತ. ದಸರೆ ಹೋಯಿತು, ದೀಪಾವಳಿ ಹೋಯಿತು. ಬಂದ ನೆಂಟರೆಲ್ಲ ಆ ಬೋಳು ಗೋಡೆ ನೋಡಿ ಕೇಳಿದ್ದೇ ಕೇಳಿದ್ದು. ಮುಂದಿನ ಏಪ್ರಿಲ್‌ನಲ್ಲಿ ಗಿಲಾವು ಮಾಡಿಸಿ, ಅದು ಪೂರ್ತಿ ಒಣಗಿದ ಮೇಲೆ, ಬಣ್ಣ ಗಟ್ಟಿಯಾಗಿ ಹಿಡಿಯಲಿ ಅಂತ ಪ್ರೈಮರ್ ಹಚ್ಚಿ ಮತ್ತೆ ಬಣ್ಣ ಬಳಿದೆ. ಆಮೇಲೆ ಒಂದು ಮಳೆಗಾಲ ಕಳೆದಿದೆ, ಗೋಡೆ ಸುಮ್ಮನಿದೆ. ಈ ಸಲ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಬಣ್ಣವನ್ನೇ ಕೇಳಿ ತಂದೆ, ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅಂತ. ಮಗ ಪೆನ್ಸಿಲ್ಲಿನಲ್ಲಿ ಗೀಚಿದ್ದು ಎರಡು ಸಲ ಹೋಗಿದೆ.

ಗೋಡೆ ಆರುತ್ತಿದ್ದ ಆ ತಿಂಗಳುಗಳಲ್ಲಿ ಹೊಲಿಗೆ ಹಿಡಿದೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಉಡಿ ತುಂಬುತ್ತಾರೆ, ಜೊತೆಗೊಂದು ಖಣ, ಅಂದರೆ ಕುಪ್ಪಸದ ಬಟ್ಟೆ, ಕೊಡುತ್ತಾರೆ. ಅದನ್ನು ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ಒಂದು ಸಲ ನಾನು ಕೊಟ್ಟ ಖಣವೇ ವರ್ಷದ ನಂತರ ನನ್ನ ಉಡಿಗೆ ಬಂದಿತ್ತು, ಮೂಲೆಯ ಎಣ್ಣೆ ಕಲೆಯಿಂದ ಗುರುತು ಸಿಕ್ಕಿತು! ನನ್ನ ಟ್ರಂಕಿನಲ್ಲಿ ಹದಿನಾಲ್ಕು ಇದ್ದವು. ಆರು ಮಾತ್ರ ನಿಜವಾದ ಗುಳೇದಗುಡ್ಡ ಖಣ, ಉಳಿದವು ಸುಮ್ನೆ ಬ್ಲೌಸ್ ಪೀಸು. ಆ ಆರನ್ನು ದಿಂಬಿನ ಕವರಿಗೆ ಆರಿಸಿಕೊಂಡೆ. ಮುಂಭಾಗಕ್ಕೆ ಮಾತ್ರ ಖಣ, ಹಿಂದೆ ಹಳೇ ಚಾದರದ ಬಟ್ಟೆ. ಹೀಗೆ ಮಾಡಿದರೆ 16 ಇಂಚಿನ ದಿಂಬಿಗೆ ಒಂದು ಖಣದಲ್ಲಿ ಎರಡು ಮುಂಭಾಗ ಬರುತ್ತವೆ. ಜಿಪ್ ಹಾಕಲಿಲ್ಲ. ಹಿಂದಿನ ಬಟ್ಟೆಯನ್ನು ಎರಡು ತುಂಡು ಮಾಡಿ ಲಕೋಟೆಯ ಹಾಗೆ ಒಂದರ ಮೇಲೊಂದು ಬರುವಂತೆ ಹೊಲಿದೆ. ಕೆಂಪು ಖಣ ಮೊದಲ ಸಲ ತೊಳೆದಾಗ ಬಣ್ಣ ಬಿಡುತ್ತದೆ, ಹೊಲಿಯುವ ಮೊದಲೇ ಬೇರೆಯಾಗಿ ತಣ್ಣೀರಲ್ಲಿ ಅದ್ದಿ ತೆಗೆಯಿರಿ. ನಾನು ಕಲಿತದ್ದು ಒಂದು ಗುಲಾಬಿ ಚಾದರದ ಬೆಲೆಗೆ. ಅದು ಮೊದಲು ಬಿಳಿ ಇತ್ತು.

ಪರದೆಯ ಕಥೆ ಬೇರೆ. ಅಜ್ಜಿಯ ಒಂಬತ್ತು ಗಜದ ಇಳಕಲ್ ಸೀರೆ ನನ್ನ ಪಾಲಿಗೆ ಬಂದಿತ್ತು. ಉಡುವವರಿಲ್ಲ, ಪ್ರತಿ ವರ್ಷ ಬಿಸಿಲಿಗೆ ಹಾಕಿ ಮಡಚಿ ಇಡೋದೇ ಕೆಲಸ. ಮಡಿಕೆಯಲ್ಲಿ ಬಟ್ಟೆ ಸೀಳತೊಡಗಿತ್ತು. ಕತ್ತರಿಸುತ್ತೇನೆ ಅಂದಾಗ ಅವ್ವ ಫೋನಿನಲ್ಲೇ ಮಾತು ನಿಲ್ಲಿಸಿದಳು. ಎರಡು ದಿನ ನಾನೂ ಕತ್ತರಿ ಮುಟ್ಟಲಿಲ್ಲ. ಮೂರನೇ ದಿನ ಅವಳೇ ಫೋನ್ ಮಾಡಿದಳು. "ಸೆರಗು ಮಾತ್ರ ಕತ್ತರಿ ಹಚ್ಚಬ್ಯಾಡ. ಅದರಾಗ ಕಸೂತಿ ಅದ. ನಿಮ್ಮಜ್ಜಿ ಕೈಯಿಂದ ಹಾಕಿದ್ದು" ಅಂದಳು.

ಇಳಕಲ್ ಸೀರೆಯ ಮೈ ಮತ್ತು ಸೆರಗು ಬೇರೆ ಬೇರೆ. ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಸೇರಿಸಿ ನೇಯುತ್ತಾರೆ. ರೇಷ್ಮೆ ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ, ಹಾಗಾಗಿ ಕಿಟಕಿಗೆ ಸೆರಗು ಹೇಗೂ ಸರಿಯಲ್ಲ. ಸೇರುವ ಜಾಗಕ್ಕಿಂತ ಸ್ವಲ್ಪ ಒಳಗೆ, ಮೈಯ ಕಡೆ ಕತ್ತರಿಸಿದೆ. 27 ಅಡಿಯಲ್ಲಿ ಸೆರಗು ಹೋಗಿ 24 ಅಡಿ ಉಳಿಯಿತು. ಆರಾರು ಅಡಿಯ ನಾಲ್ಕು ತುಂಡು, ಎರಡು ಕಿಟಕಿಗೆ ಸರಿಯಾಯಿತು. ಹಿಂದೆ ಅಜ್ಜನ ಹಳೇ ಧೋತರದ ಅಸ್ತರಿ. ದಡಿ ಎರಡೂ ಪಕ್ಕ ನೆಟ್ಟಗೆ ಇಳಿಯುತ್ತದೆ, ಬೇರೆ ಅಲಂಕಾರವೇ ಬೇಕಿಲ್ಲ. ದರ್ಜಿಗೆ ಕೊಟ್ಟದ್ದು 320 ರೂಪಾಯಿ. ಸೆರಗು ಬಿಸಿಲು ಬೀಳದ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ. ಗಾಜು ಯಾಕೆ ಅಂತ ಹೇಳಬೇಕಾ? ಒಂದೇ ಎಳೆತ. ದೀಪಾವಳಿಗೆ ಬಂದ ಅವ್ವ ಪರದೆಯ ಕಡೆ ನೋಡಲೇ ಇಲ್ಲ. ಆ ಗಾಜಿನ ಮುಂದೆ ನಿಂತು "ಇದು ಗವಂತಿ, ಇದು ಮುರಗಿ" ಅಂತ ಮೊಮ್ಮಗಳಿಗೆ ಹೊಲಿಗೆಯ ಹೆಸರು ಹೇಳಿಕೊಡುತ್ತಿದ್ದಳು.

ಟ್ರಂಕಿನ ಮಾತು ಬಂತಲ್ಲ. ಅದು ಅವ್ವ ನನ್ನ ಮದುವೆಗೆ ಕೊಟ್ಟದ್ದು, ತುಕ್ಕು ಹಿಡಿದಿತ್ತು. ಪಾಲಿಶ್ ಪೇಪರ್‌ನಿಂದ ತಿಕ್ಕಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಒಂದು ದಿನ ಬಿಟ್ಟು ಗಿಳಿ ಹಸಿರು ಎನಾಮಲ್ ಬಳಿದೆ. ಮೇಲೆ ಕೌದಿ ಮಡಚಿ ಹಾಸಿ ಕಿಟಕಿಯ ಕೆಳಗೆ ಇಟ್ಟರೆ ಕೂರುವ ಜಾಗ, ಒಳಗೆ ಮಳೆಗಾಲದ ಹೊದಿಕೆಗಳು.

ನೆಲಕ್ಕೆ ಟೈಲ್ಸ್ ಹಾಕಿಸು ಅಂತ ಎಲ್ಲರೂ ಹೇಳುತ್ತಾರೆ. ಶಹಾಬಾದ್ ಕಲ್ಲು ಎಣ್ಣೆ ಹೀರುತ್ತದೆ, ಕಲೆ ನಿಲ್ಲುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಅದರ ತಂಪಿಗೆ ಸಮ ಇಲ್ಲ, ಮತ್ತು ಅದರ ಬೂದು ಬಣ್ಣಕ್ಕೆ ನಮ್ಮ ಧೂಳು ಅಷ್ಟಾಗಿ ಕಾಣುವುದಿಲ್ಲ. ಬಿಳೀ ಟೈಲ್ಸ್ ಹಾಕಿಸಿದ ನನ್ನ ನಾದಿನಿ ದಿನಕ್ಕೆ ಮೂರು ಸಲ ಒರೆಸುತ್ತಾಳೆ. ನಾನು ಕಲ್ಲಿನ ಸಂದಿಗಳಿಗೆ ಸಿಮೆಂಟ್ ತುಂಬಿದೆ, ಅಷ್ಟೇ. ಮೇಲೆ ಹಾಸಲು ಒಂದು ನವಲಗುಂದದ ಜಮಖಾನ. ಇದಕ್ಕೆ ಆರು ತಿಂಗಳ ಡಬ್ಬಿ ಪೂರ್ತಿ ಹೋಯಿತು, 3,000 ರೂಪಾಯಿ. ಡಬ್ಬಿಯ ದುಡ್ಡಲ್ಲಿ ನಾನು ಕೊಂಡ ದುಬಾರಿ ವಸ್ತು ಇದೇ. ನವಲಗುಂದ ನಮ್ಮ ಧಾರವಾಡ ಜಿಲ್ಲೆಯದೇ ಊರು. ಅಲ್ಲಿ ನೇಯುವವರು ಹೆಂಗಸರು. ನಾನು ತಂದದ್ದರಲ್ಲಿ ಪಗಡೆ ಹಾಸಿನ ಚಿತ್ತಾರ ಇದೆ. ಎರಡೂ ಮಗ್ಗಲು ಒಂದೇ ಥರ, ಒಂದು ಕಡೆ ಮಾಸಿದರೆ ತಿರುಗಿಸಿ ಹಾಸುತ್ತೇನೆ. ತಿಂಗಳಿಗೊಮ್ಮೆ ಮಾಳಿಗೆಯ ಗೋಡೆಗೆ ಹಾಕಿ ಕೋಲಿನಿಂದ ಬಡಿದರೆ ಮುಗಿಯಿತು. ಬಡಿಯುವ ಕೆಲಸ ಮಗನದು. ಸಿಟ್ಟು ಬಂದ ದಿನ ನನ್ನದು.

ಗಿಡಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನಿಪ್ಲಾಂಟ್ ಬಾಟಲಿಯಲ್ಲಿ ಬೆಳೆಯುತ್ತದೆ, ಬಾಡಿಗೆ ಮನೆಯವರಿಗೂ ಆಗುತ್ತದೆ. ಆದರೆ ವಾರಕ್ಕೊಮ್ಮೆ ನೀರು ಬದಲಿಸದಿದ್ದರೆ ಅದು ಸೊಳ್ಳೆ ಸಾಕುವ ಕೆಲಸ.

ಗಣಪತಿಯ ಆ ಮೂಲೆ ಈಗಲೂ ಖಾಲಿ. ಒಂದೇ ಒಂದು ವಸ್ತು ಅಲ್ಲಿಗೆ ಬಂದಿದೆ, ಕೊಪ್ಪಳದ ಹತ್ತಿರದ ಕಿನ್ನಾಳದ ಮರದ ಗಿಳಿ. ನಮ್ಮನೆಯವರು ಮದುವೆಯ ವಾರ್ಷಿಕೋತ್ಸವಕ್ಕೆ ತಂದದ್ದು. ಕೊಡುವ ಮೊದಲೇ ಅವರು ಅದನ್ನು ತಿರುಗಿಸಿ ತೋರಿಸಿದರು. "ನೋಡು, ಎಲ್ಲೂ ತೂತಿಲ್ಲ. ಒಣ ಬಟ್ಟೆ ಸಾಕಂತ, ಕೇಳೇ ತಂದೀನಿ."

ಜಾಲಿ ಶೆಲ್ಫು ಏನಾಯಿತು ಅಂತೀರಾ? ಹೂವು ರದ್ದಿಗೆ ಹೋಯಿತು. ಶೆಲ್ಫನ್ನು ನಾದಿನಿ ಇಷ್ಟಪಟ್ಟು ಒಯ್ದಳು. ಬ್ರಷ್ಷು ಕೂಡ ಜೊತೆಗೆ ಕೊಟ್ಟೆ.

ಈಗ ಡಬ್ಬಿಯಲ್ಲಿ 380 ರೂಪಾಯಿ ಇದೆ. ಅಡುಗೆಮನೆ ಕಿಟಕಿಯ ಸರಳು ಬಣ್ಣ ಬಿಟ್ಟಿವೆ, ಉಳಿದ ಹಸಿರು ಎನಾಮಲ್ ಸಾಕಾಗುತ್ತದೆ, ಹೊಸ ಬ್ರಷ್ ಮಾತ್ರ ಬೇಕು. ನಾಳೆಯೇ ಹಚ್ಚೋಣ ಅಂತ ಮಗಳ ಅವಸರ. ಹೊರಗೆ ಜಿಟಿಜಿಟಿ ಮಳೆ. ಮಳೆ ನಿಂತು ಎರಡು ವಾರ ಬಿಸಿಲು ಬೀಳಲಿ ಅಂದಿದ್ದೇನೆ.