ಒಂದೇ ಗಾಲಿ ಗರಗರ ತಿರುಗುತ್ತಿದ್ದರೆ: ಡಿಫ್ ಲಾಕ್ ಬಳಸುವುದು ಹೇಗೆ?

ಮಳೆ ಹಿಡಿಯಿತೆಂದರೆ ಪುಣೆಯಿಂದ ಮುಳಶಿ, ತಾಮ್ಹಿಣಿ ಘಾಟ್ ಕಡೆ ಗಾಡಿಗಳ ಸಾಲು ಹೊರಡುತ್ತದೆ. ಗಾಡಿಯ ಹಿಂದೆ ‘ಫೋರ್ ಬೈ ಫೋರ್’ (ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಗಾಡಿ) ಅಂತ ಬರೆದಿದ್ದರೆ ಎಲ್ಲಿ ಬೇಕಾದರೂ ಇಳಿಸಬಹುದು ಅನ್ನುವ ಧೈರ್ಯ ಬಂದುಬಿಡುತ್ತದೆ. ಹೊಂಡದಲ್ಲಿ ಮುಂದಿನ ಎಡ ಗಾಲಿ, ಹಿಂದಿನ ಬಲ ಗಾಲಿ ಗಾಳಿಯಲ್ಲಿ ಎದ್ದವು ಅಂದುಕೊಳ್ಳಿ. ಡಿಫರೆನ್ಶಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎಡ ಬಲ ಗಾಲಿಗಳಿಗೆ ಹಂಚುವ ಗೇರ್ ಜೋಡಣೆ, ಸಾದಾ ಆಗಿದ್ದರೆ ಆ ಎರಡೇ ತಿರುಗುತ್ತವೆ, ನೆಲದ ಮೇಲಿರುವ ಎರಡು ಸುಮ್ನೆ ನಿಲ್ಲುತ್ತವೆ.

ಕಾರಣ ಸರಳ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಅದಕ್ಕೇ ಡಿಫರೆನ್ಶಿಯಲ್ ಎರಡಕ್ಕೂ ಬೇರೆ ಬೇರೆ ವೇಗ ಕೊಡುತ್ತದೆ. ಆದರೆ ತಿರುಗಿಸುವ ಬಲವನ್ನು ಮಾತ್ರ ಸಮಪಾಲು ಮಾಡುತ್ತದೆ. ಚಿಕ್ಕ ಮಗ ಎಷ್ಟು ಉಣ್ಣುತ್ತಾನೋ ದೊಡ್ಡವನಿಗೂ ಅಷ್ಟೇ ಬಡಿಸಿದ ಹಾಗೆ.

ಒಂದು ಗಾಲಿ ಗಟ್ಟಿ ಜಲ್ಲಿಯ ಮೇಲಿದೆ, ಜಾರದೆ 600 ನ್ಯೂಟನ್ ಮೀಟರ್ ತಿರುಗಿಸುವ ಬಲ ತಾಳುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದು ರಾಡಿಯಲ್ಲಿದೆ, 50 ದಾಟಿದರೆ ಜಾರುತ್ತದೆ. ಸಾದಾ ಡಿಫರೆನ್ಶಿಯಲ್‌ನಲ್ಲಿ ಎರಡಕ್ಕೂ 50, ಒಟ್ಟು 100. ಎಂಜಿನ್ ಎಷ್ಟೇ ದೊಡ್ಡದಿದ್ದರೂ ಅಷ್ಟೇ. ಅದೇ ಜಾಗದಲ್ಲಿ ಜಾರುವಿಕೆಗೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಅಂದರೆ ಎಲ್‌ಎಸ್‌ಡಿ ಇದ್ದು, ಅದು 3 ಪಟ್ಟು ಬಲ ದಾಟಿಸುವಂಥದ್ದಾದರೆ ಗಟ್ಟಿ ಗಾಲಿಗೆ 150 ಸಿಗುತ್ತದೆ, ಒಟ್ಟು 200. ಡಿಫ್ ಲಾಕ್‌ನಿಂದ ಡಿಫರೆನ್ಶಿಯಲ್ ಪೂರ್ತಿ ಲಾಕ್ ಆದರೆ ಎರಡು ಗಾಲಿಯೂ ಒಂದೇ ಅಚ್ಚಿನಂತೆ ತಿರುಗುತ್ತವೆ. ಪ್ರತಿಯೊಂದೂ ತನಗೆ ತಾಳುವಷ್ಟು ಎಳೆಯುತ್ತದೆ, ಹೆಚ್ಚೆಂದರೆ 650. ಲಾಕ್ ಹೊಸ ಹಿಡಿತ ಹುಟ್ಟಿಸುವುದಿಲ್ಲ ಅನ್ನುವುದೂ ಈ ಲೆಕ್ಕದಲ್ಲೇ ಇದೆ. ಎರಡೂ ಗಾಲಿ ರಾಡಿಯಲ್ಲಿದ್ದರೆ 50 ಮತ್ತು 50, ಅಷ್ಟೇ. ಆಗ ಬೇಕಾದದ್ದು ಒಳ್ಳೆಯ ಟೈರ್.

ಮೊದಲ ಕೆಲಸ, ನಿಮ್ಮ ಗಾಡಿಯಲ್ಲಿ ಏನಿದೆ ಎಂದು ತಿಳಿಯುವುದು. ಚಿಂಚವಾಡದಲ್ಲಿ ನಮ್ಮ ಕಡೆಯ ಮೇಸ್ತ್ರಿ ಒಬ್ಬರಿದ್ದಾರೆ, ಇಂಡಿ ತಾಲ್ಲೂಕಿನವರು. “ಸರ, ಹಿಂದ ಏನ್ ಬರದೈತಿ ಬಿಡ್ರಿ, ಗಾಲಿ ಎತ್ತಿ ತಿರುಗಿಸಿ ನೋಡ್ರಿ” ಅನ್ನುತ್ತಾರೆ. ಮುಂದಿನ ಗಾಲಿಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಹಿಂದಿನ ಎರಡನ್ನೂ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಬೇಡಿ. ಎಂಜಿನ್ ಆಫ್, ಗೇರ್ ಒಂದರಲ್ಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಈಗ ಒಂದು ಗಾಲಿ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ಸಲೀಸಾಗಿ ತಿರುಗಿದರೆ ಸಾದಾ ಡಿಫರೆನ್ಶಿಯಲ್ ಇರಬಹುದು. ಕೈಗೆ ಜಗ್ಗದೆ ಬಿಗಿಯಾಗಿದ್ದರೆ ಒಳಗೆ ಕ್ಲಚ್ ಪ್ಲೇಟಿನ ಎಲ್‌ಎಸ್‌ಡಿ ಇರುವ ಸಾಧ್ಯತೆ ಹೆಚ್ಚು. ‘ಇರಬಹುದು’ ಅಂದದ್ದಕ್ಕೆ ಕಾರಣ, ತಾನಾಗಿಯೇ ಲಾಕ್ ಆಗುವ ಮೆಕ್ಯಾನಿಕಲ್ ಲಾಕಿಂಗ್ ಕೂಡ ಈ ಪರೀಕ್ಷೆಯಲ್ಲಿ ಸಾದಾದಂತೆಯೇ ಕಾಣುತ್ತದೆ. ಹೀಗಾಗಿ ಮಾಡೆಲ್ ಯಾವುದು, ವೇರಿಯಂಟ್ ಯಾವುದು ಅಂತಲೂ ನೋಡಿಕೊಳ್ಳಿ.

ಈ ತಾನಾಗಿಯೇ ಲಾಕ್ ಆಗುವ ಬಗೆ ಮಹೀಂದ್ರಾ ಥಾರ್‌ನ ಕೆಲವು ವೇರಿಯಂಟ್‌ಗಳಲ್ಲಿದೆ, ಇಲ್ಲೇ ಚಾಕಣದಲ್ಲಿ ತಯಾರಾಗುವ ಸ್ಕಾರ್ಪಿಯೋ-ಎನ್ ಫೋರ್ ಬೈ ಫೋರ್‌ನಲ್ಲೂ ಇದೆ. ಎರಡು ಗಾಲಿಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ‘ಠಕ್’ ಅಂತ ಕಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಗಾಲಿ ತಿರುಗಲೇಬೇಕು. ಬಹಳ ಜನ ಆ ಕ್ಷಣದಲ್ಲೇ ಹೆದರಿ ಎಕ್ಸಿಲರೇಟರ್ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಹದವಾಗಿ ಒತ್ತಿ ಹಿಡಿಯಿರಿ. ಗಂಟೆಗೆ 30 ಕಿ.ಮೀ. ಆಸುಪಾಸು ದಾಟಿದ ಮೇಲೆ ಇದು ಕಚ್ಚುವುದಿಲ್ಲ.

ಮಾರುತಿಯ ಜಿಮ್ನಿಯಲ್ಲಿ ಬ್ರೇಕೇ ಆ ಕೆಲಸ ಮಾಡುತ್ತದೆ. ಜಾರುವ ಗಾಲಿಗೆ ಕಂಪ್ಯೂಟರ್ ಬ್ರೇಕ್ ಹಾಕುತ್ತದೆ, ಬಲ ಇನ್ನೊಂದಕ್ಕೆ ಹೋಗುತ್ತದೆ. ಇಲ್ಲೂ ಕಾಲು ಸ್ಥಿರವಾಗಿರಲಿ.

ಚಾಲಕನೇ ಹಾಕುವ ಲಾಕ್‌ಗೆ ಬೇರೆ ರೀತಿ. ಊರಲ್ಲಿ ಟ್ರ್ಯಾಕ್ಟರ್ ಹೊಡೆದವರಿಗೆ ಹಿಮ್ಮಡಿಯಿಂದ ಒತ್ತುವ ಆ ಸಣ್ಣ ಪೆಡಲ್ ಗೊತ್ತೇ ಇರುತ್ತದೆ, ಅಲ್ವಾ? ತತ್ವ ಅದೇ. ನಮ್ಮ ಆಕುರ್ಡಿಯ ಫೋರ್ಸ್ ಕಂಪನಿಯ ಗುರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಲಾಕ್ ಇದೆ. ರಾಡಿಗೆ ಇಳಿಯುವ ಮೊದಲೇ ಗಾಡಿ ನಿಲ್ಲಿಸಿ ಲಾಕ್ ಹಾಕಿ. ಗಾಲಿ ಗರಗರ ತಿರುಗುತ್ತಿರುವಾಗ ಹಾಕಿದರೆ ಒಳಗಿನ ಹಲ್ಲು ಮುರಿಯಬಹುದು. ಕೆಲವು ಗಾಡಿಗಳಲ್ಲಿ ಫೋರ್ ಲೋ (ನಾಲ್ಕೂ ಗಾಲಿಗೆ ಕಡಿಮೆ ವೇಗ, ಹೆಚ್ಚು ಬಲ ಕೊಡುವ ಗೇರ್) ಹಾಕಿದ ಮೇಲಷ್ಟೇ ಇದು ಕೆಲಸ ಮಾಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಲಾಕ್‌ನ ದೀಪ ಮಿಣುಕುತ್ತಿದ್ದರೆ ಲಾಕ್ ಇನ್ನೂ ಕೂತಿಲ್ಲ ಅಂತ. ಒಂದೆರಡು ಅಡಿ ನಿಧಾನ ಮುಂದೆ ತನ್ನಿ. ಮೊದಲು ಹಿಂದಿನದು ಸಾಕು. ಮುಂದಿನದನ್ನೂ ಹಾಕಿದರೆ ಸ್ಟೇರಿಂಗ್ ತಿರುಗುವುದೇ ಕಷ್ಟ, ನೇರ ಹೋಗುವಾಗ ಮಾತ್ರ ಹಾಕಿ.

ಒಂದು ಬದಿಗೆ ವಾಲಿದ ಇಳಿಜಾರಿನಲ್ಲಿ ನಾನಂತೂ ಲಾಕ್ ಬೇಡ ಅನ್ನುತ್ತೇನೆ. ಸಾದಾ ಇದ್ದರೆ ಒಂದು ಗಾಲಿ ಜಾರಿದರೂ ಇನ್ನೊಂದು ಗಾಡಿಯನ್ನು ಹಿಡಿದಿರುತ್ತದೆ. ಲಾಕ್ ಇದ್ದು ಎಕ್ಸಿಲರೇಟರ್ ಜಾಸ್ತಿಯಾದರೆ ಎರಡೂ ಒಟ್ಟಿಗೆ ಜಾರಿ ಗಾಡಿಯ ಹಿಂಭಾಗ ಕೆಳಕ್ಕೆ ಸರಿಯುತ್ತದೆ.

ಡಾಂಬರಿಗೆ ಬಂದೊಡನೆ ಲಾಕ್ ತೆಗೆಯಿರಿ. ಮರೆತರೆ ತಿರುವಿನಲ್ಲಿ ಟೈರ್ ಉಜ್ಜುತ್ತದೆ, ಗಾಡಿ ನೇರಕ್ಕೇ ಎಳೆಯುತ್ತದೆ, ಆಕ್ಸಲ್ ಶಾಫ್ಟ್ ತುಂಡಾದರೂ ಆಯಿತು. ಸ್ವಿಚ್ ಆಫ್ ಮಾಡಿದರೂ ದೀಪ ಆರದಿದ್ದರೆ ಹಲ್ಲುಗಳು ಬಿಗಿಯಾಗಿವೆ ಅಂತ. ಸ್ಟೇರಿಂಗ್ ನೇರ ಇಟ್ಟು ಸ್ವಲ್ಪ ಹಿಂದೆ ಮುಂದೆ ಮಾಡಿ.

ಎಲ್‌ಎಸ್‌ಡಿ ಇದ್ದವರಿಗೆ ಈ ಗುಂಡಿ, ಲಿವರ್ ರಗಳೆ ಇಲ್ಲ, ಡಾಂಬರಿನಲ್ಲೂ ನಡೆಯುತ್ತದೆ. ಆದರೆ ಗೇರ್ ಮಾದರಿಯ ಎಲ್‌ಎಸ್‌ಡಿಯಲ್ಲಿ ಒಂದು ಗಾಲಿ ಪೂರ್ತಿ ಗಾಳಿಯಲ್ಲಿದ್ದರೆ ಸೊನ್ನೆಯ 3 ಪಟ್ಟೂ ಸೊನ್ನೆಯೇ. ಆಗ ಬ್ರೇಕನ್ನು ಮೆತ್ತಗೆ ಒತ್ತಿ ಎಕ್ಸಿಲರೇಟರ್ ಕೊಡಿ, ತಿರುಗುವ ಗಾಲಿಗೆ ತಡೆ ಸಿಕ್ಕಿ ಇನ್ನೊಂದಕ್ಕೂ ಬಲ ಬರುತ್ತದೆ. ಕ್ಲಚ್ ಮಾದರಿಯದಕ್ಕೆ ಎಲ್‌ಎಸ್‌ಡಿಗೆಂದೇ ಬರುವ ಎಣ್ಣೆ ಬೇಕು. ಸರ್ವಿಸ್ ಆದ ಮೇಲೆ ಸೊಸೈಟಿ ಪಾರ್ಕಿಂಗ್‌ನಲ್ಲಿ ನಿಧಾನ ತಿರುಗಿಸುವಾಗ ಹಿಂದಿನಿಂದ ಕಟಕಟ ನಡುಕ ಬಂದರೆ, ಡಿಫರೆನ್ಶಿಯಲ್‌ನ ಹೌಸಿಂಗ್ ಬಿಚ್ಚಿಸುವ ಮೊದಲು ಯಾವ ಎಣ್ಣೆ ಹಾಕಿದರು ಅಂತ ಕೇಳಿ.