ತಬಲಾಕ್ಕೆ ಟೇಪು, ತಂಬೂರಿಗೆ ಬೇಡ

ಮನೆಯಲ್ಲಿ ಹತ್ತಿರದಿಂದ ಮೈಕ್ ಇಟ್ಟು ರೆಕಾರ್ಡ್ ಮಾಡಿದ ತಬಲಾ ನನಗೆ ಯಾವಾಗಲೂ ಸ್ವಲ್ಪ ಒರಟು ಅನ್ನಿಸುತ್ತದೆ. ಬಲಗೈಯ ‘ನಾ’ ಕಿವಿಗೆ ಚುಚ್ಚುತ್ತದೆ. ಅದಕ್ಕೇ ತಬಲಾ ಟ್ರ್ಯಾಕನ್ನು ಲ್ಯಾಪ್‌ಟಾಪ್‌ನಿಂದ ಹಳೆಯ ಕ್ಯಾಸೆಟ್ ಡೆಕ್‌ಗೆ ಕಳಿಸಿ, ಮತ್ತೆ ಲ್ಯಾಪ್‌ಟಾಪ್‌ಗೇ ತರುತ್ತೇನೆ. ಕ್ಯಾಸೆಟ್ ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್ ಅಷ್ಟೇ. ಇಷ್ಟು ನಿಧಾನದ ಟೇಪಿನಲ್ಲಿ ಜೋರು ಸದ್ದು ಬಂದಾಗ ಮೊದಲು ಮಣಿಯುವುದು ಆ ಚೂಪಾದ ಭಾಗವೇ. ಏಟು ಉಳಿಯುತ್ತದೆ, ಚುಚ್ಚು ಹೋಗುತ್ತದೆ.

ಇದರಲ್ಲಿ ಲೆವೆಲ್ ತುಂಬಾ ಮುಖ್ಯ. ಲ್ಯಾಪ್‌ಟಾಪಿಗೂ ಡೆಕ್ಕಿಗೂ ನಡುವೆ ಸದ್ದು ಸಾಗಿಸುವ ಪೆಟ್ಟಿಗೆ, ಅಂದರೆ ನನ್ನ ಇಂಟರ್‌ಫೇಸ್‌ನ ಔಟ್‌ಪುಟ್ ಸ್ಟುಡಿಯೋದ ಜೋರು ಮಟ್ಟದ್ದು, +4 ಡಿಬಿಯು ಲೆಕ್ಕದ್ದು. ಮನೆಬಳಕೆಯ ಡೆಕ್ −10 ಡಿಬಿವಿ ಲೆಕ್ಕದ್ದು. ಎರಡಕ್ಕೂ ಸುಮಾರು 12 ಡೆಸಿಬೆಲ್ ವ್ಯತ್ಯಾಸ. ಹಾಗಾಗಿ ಇಂಟರ್‌ಫೇಸ್‌ನಲ್ಲೇ ಸದ್ದು ತಗ್ಗಿಸುತ್ತೇನೆ. ಆಮೇಲೆ ಡೆಕ್‌ನ ರೆಕಾರ್ಡ್ ನಾಬ್ ತಿರುಗಿಸಿ, ಜೋರು ಏಟಿಗೆ ಮೀಟರ್ ಸೊನ್ನೆ ದಾಟುವ ಹಾಗೆ ಮಾಡುತ್ತೇನೆ. ಟೇಪಿನಲ್ಲಿ ಸೊನ್ನೆ ದಾಟಿದರೆ ಚೆಂದ, ಡಿಜಿಟಲ್‌ನಲ್ಲಿ ದಾಟಿದರೆ ಸದ್ದು ಒಡೆಯುತ್ತದೆ. ವಾಪಸ್ ಬರುವಾಗ 24 ಬಿಟ್‌ನಲ್ಲಿ, ಅತಿ ಜೋರು ಏಟೂ ಡಿಜಿಟಲ್ ಮೀಟರಿನ −12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ತುಂಬಿಸಿಕೊಳ್ಳುತ್ತೇನೆ. ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಟೇಪಿನ ‘ಹಿಸ್ಸ್’ ತಗ್ಗಿಸುವ ಡಾಲ್ಬಿ ಆಫ್. ಗುಂಯ್ ಅಂತ 50 ಹರ್ಟ್ಸ್ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.

ನಿಜವಾದ ಕೆಲಸ ಇರುವುದು ಕಾಲದಲ್ಲಿ. ಅದೇ ಡೆಕ್‌ನಲ್ಲಿ ತುಂಬಿಸಿ ಅದೇ ಡೆಕ್‌ನಲ್ಲಿ ನುಡಿಸಿದರೂ ಮೋಟಾರಿನ ವೇಗ ಪೂರ್ತಿ ಒಂದೇ ಇರುವುದಿಲ್ಲ. 0.1 ಶೇಕಡಾ ವ್ಯತ್ಯಾಸವಾದರೂ 4 ನಿಮಿಷದ ಹಾಡಿನ ಕೊನೆಗೆ ಕಾಲು ಸೆಕೆಂಡ್ ಜಾರುತ್ತದೆ. ತಬಲಾಕ್ಕೆ ಅದು ತಾಳ ತಪ್ಪಿದಂತೆಯೇ ಅಲ್ವಾ? ಟ್ರ್ಯಾಕಿನ ಶುರುವಿಗೂ ಕೊನೆಗೂ ಒಂದೊಂದು ಕ್ಲಿಕ್ ಇಟ್ಟಿರುತ್ತೇನೆ. ಮೊದಲ ಕ್ಲಿಕ್ಕನ್ನು ಮೂಲ ಟ್ರ್ಯಾಕಿನ ಕ್ಲಿಕ್ಕಿಗೆ ಹೊಂದಿಸಿದರೆ ಎಷ್ಟು ಜಾರಿದೆ ಅಂತ ಕೊನೆಯದು ಹೇಳಿಬಿಡುತ್ತದೆ. ಆಮೇಲೆ ಕೆಲವು ಆವರ್ತನೆಗಳಿಗೊಮ್ಮೆ, ಸಮದ (ಆವರ್ತನೆಯ ಮೊದಲ) ಏಟಿಗೆ ಸ್ವಲ್ಪ ಮುಂಚೆ ಕತ್ತರಿಸಿ, ಮೂಲ ಟ್ರ್ಯಾಕಿನ ಏಟಿಗೆ ಕೂಡಿಸುತ್ತೇನೆ. ಸಾಫ್ಟ್‌ವೇರಿನಲ್ಲಿ ಸದ್ದನ್ನು ಹಿಗ್ಗಿಸಿ ಕುಗ್ಗಿಸುವ ಟೈಮ್ ಸ್ಟ್ರೆಚ್ ಮಾಡುವುದಿಲ್ಲ, ಅದು ಏಟನ್ನೇ ಮಂಕು ಮಾಡುತ್ತದೆ. ಕೂಡಿಸಿದ ಮೇಲೆ ಮೂಲ ಟ್ರ್ಯಾಕ್ ಮ್ಯೂಟ್. ಎರಡೂ ಒಟ್ಟಿಗೆ ನುಡಿದರೆ ಒಂದೆರಡು ಮಿಲಿಸೆಕೆಂಡ್ ಅಂತರಕ್ಕೂ ಸದ್ದು ಟೊಳ್ಳಾಗುತ್ತದೆ.

ಹಾಡುವ ದನಿ, ತಂಬೂರಿ ಎರಡನ್ನೂ ನಾನು ಟೇಪಿಗೆ ಕಳಿಸುವುದೇ ಇಲ್ಲ. ಮೋಟಾರು ಚೂರು ನಡುಗಿದರೂ ಶ್ರುತಿ ಅಲ್ಲಾಡುತ್ತದೆ. ಏಟಿನಲ್ಲಿ ಗೊತ್ತಾಗದ ಆ ನಡುಕ, ಎಳೆದು ನಿಲ್ಲುವ ಷಡ್ಜದಲ್ಲಿ ಯಾರಿಗಾದರೂ ಕೇಳಿಸುತ್ತದೆ.